ನರಸಯ್ಯನವರ ಬಲಗಣ್ಣು

ಕೋಗಿಲು ಊರಿನ ನರಸಯ್ಯ ಐಟಿಐ ಓದಿ, ಯಲಹಂಕದ ಕಡೆಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಇಪ್ಪತ್ತಾರು ವರ್ಷ ಮೆಕ್ಯಾನಿಕ್ ಆಗಿದ್ದವರು. ನೀರಿನ ಹರಿವು ಅಳೆಯುವ ಲ್ಯಾಬು ನಡೆಯುತ್ತಿದ್ದದ್ದೇ ಅವರಿಂದ. ಉದ್ದನೆಯ ಗಾಜಿನ ತೊಟ್ಟಿಯಲ್ಲಿ ರೆಕ್ಕೆಯಾಕಾರದ ಲೋಹದ ತುಂಡು ನಿಲ್ಲಿಸಿ, ಹರಿಯುವ ನೀರಿಗೆ ಅತಿ ನುಣ್ಣನೆಯ ಪುಡಿ ಬೆರೆಸುತ್ತಿದ್ದರು. ಹಸಿರು ಲೇಸರ್ ಬೆಳಕಿನಲ್ಲಿ ಪುಡಿ ಮಿನುಗಿದ್ದನ್ನು ಕ್ಯಾಮೆರಾ ಹಿಡಿಯುತ್ತಿತ್ತು. ರೆಕ್ಕೆಯ ಸುತ್ತ ನೀರು ಎಷ್ಟು ವೇಗವಾಗಿ ಹೋಗುತ್ತದೆ, ಎಲ್ಲಿ ಸುಳಿ ಏಳುತ್ತದೆ ಎಂಬುದು ಆ ಚಿತ್ರಗಳಿಂದ ಗೊತ್ತಾಗುತ್ತಿತ್ತು.

ಕಳೆದ ಮಾರ್ಚ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಫಾಯಿಜಾ ಹೊಸ ರೆಕ್ಕೆ ತಂದಳು. ಬೆಳಕು ವಾಪಸ್ ಹೊಡೆಯದಂತೆ ಅದಕ್ಕೆ ಕಪ್ಪು ಬಣ್ಣ ಬಳಿಯಬೇಕಿತ್ತು.

"ಬಣ್ಣ ಒಣಗ್ಬೇಕಮ್ಮ. ನಾಳೆ ಮಾಡಾಣ."

"ಅಂಕಲ್, ನಮ್ ಗೈಡ್ ಸರ್ ಇವತ್ತೇ ರೀಡಿಂಗ್ ಕೇಳಿದಾರೆ."

ಲೇಸರ್‌ನಿಂದ ಕಣ್ಣು ಕಾಯುವ ಕನ್ನಡಕ ಇದ್ದದ್ದು ಒಂದೇ. ಇನ್ನೊಂದು ಒಡೆದು ಆರು ತಿಂಗಳಾಗಿತ್ತು. ಹೊಸದಕ್ಕಾಗಿ ನರಸಯ್ಯ ಮೂರು ಸಲ ಅರ್ಜಿ ಬರೆದಿದ್ದರು.

"ನೀನ್ ಆಕ್ಕೊ," ಎಂದು ಅದನ್ನು ಅವಳಿಗೆ ಕೊಟ್ಟರು.

ಬಣ್ಣ ಬಳಿಯದೆಯೇ ತೊಟ್ಟಿಗಿಳಿಸಿದ ರೆಕ್ಕೆ ತುಸು ವಾಲಿತ್ತು. ಅವಸರದಲ್ಲಿ ಲೇಸರ್ ಆರಿಸದೆಯೇ ನರಸಯ್ಯ ಅದನ್ನು ಸರಿಪಡಿಸಲು ಬಗ್ಗಿದರು. ಹೊಳೆಯುವ ಲೋಹಕ್ಕೆ ತಾಗಿದ ಬೆಳಕು ನೇರ ಕಣ್ಣಿಗೆ ಹೊಡೆಯಿತು. ತಲೆಯೊಳಗೆ ಪಟ್ ಎಂದಂತಾಯಿತು. ನೋವಿರಲಿಲ್ಲ. ಬಲಗಣ್ಣಿನ ನಡುವೆ ಕಪ್ಪು ಕಲೆಯೊಂದು ಕೂತಿತು. ಒಳಪರದೆ ಸುಟ್ಟಿದೆ, ದೃಷ್ಟಿ ಮರಳುವುದಿಲ್ಲ ಎಂದರು ಡಾಕ್ಟರು.

ವಿಭಾಗದ ಮುಖ್ಯಸ್ಥರು ಫಾಯಿಜಾಳನ್ನು ಕರೆಸಿದರು. "ಲ್ಯಾಬಲ್ಲಿ ಕನ್ನಡಕ ಇತ್ತು, ಅವರು ಹಾಕ್ಕೊಂಡಿರ್ಲಿಲ್ಲ ಅಂತ ಬರ್ಕೊಡಿ. ಸುಳ್ಳೇನಲ್ವಲ್ಲ?"

ಅವಳು ಬರೆದುಕೊಟ್ಟಳು. ಆ ಕಾಗದದ ಆಧಾರದ ಮೇಲೆ ಪರಿಹಾರದ ಅರ್ಜಿಯನ್ನು ತಳ್ಳಿಹಾಕಿದರು. ನರಸಯ್ಯನವರನ್ನು ಹಾಸ್ಟೆಲಿನ ಉಗ್ರಾಣಕ್ಕೆ ಹಾಕಿದರು.

ಒಂದು ಭಾನುವಾರ ಫಾಯಿಜಾ ಅವರ ಮನೆಗೆ ಹೋಗಿ ಎಲ್ಲ ಹೇಳಿದಳು.

"ಬರೀದಿದ್ರೆ ನಿನ್ ಓದು ನಿಲ್ಸೋರು. ಗೊತ್ತು ಬಿಡಮ್ಮ," ಎಂದರು ನರಸಯ್ಯ.

ಅವರ ಹೆಂಡತಿ ಗಂಗರತ್ನಮ್ಮ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದರು. "ಇವರು ಮನ್ನಿಸಿ ಬಿಟ್ಟಾರು. ನಂಗೆ ಆಗಾಕಿಲ್ಲ," ಎಂದು ಲೋಟದ ಸಮೇತ ಒಳಗೆ ಹೋದರು.

ಮರುದಿನ ಫಾಯಿಜಾ ಮುಖ್ಯಸ್ಥರಿಗೆ ಇನ್ನೊಂದು ಕಾಗದ ಕೊಟ್ಟಳು: ಇದ್ದದ್ದು ಒಂದೇ ಕನ್ನಡಕ, ಅದು ನನ್ನ ಮುಖದ ಮೇಲಿತ್ತು. ಮೊದಲ ಹೇಳಿಕೆಯೇ ಊರ್ಜಿತ ಎಂದಿತು ಕಾಲೇಜಿನ ವಿಚಾರಣಾ ಸಮಿತಿ. ಗೈಡ್ ಅವಳ ವರದಿಗಳಿಗೆ ಸಹಿ ಹಾಕುವುದನ್ನು ನಿಲ್ಲಿಸಿದರು. ದೀಪಾವಳಿಯ ಹೊತ್ತಿಗೆ ಅವಳು ಕಾಲೇಜು ಬಿಟ್ಟು ವಿದ್ಯಾರಣ್ಯಪುರದಲ್ಲಿ ಪಿಯುಸಿ ಮಕ್ಕಳಿಗೆ ಟ್ಯೂಷನ್ ಹೇಳತೊಡಗಿದಳು.

ಸುದ್ದಿ ಉಗ್ರಾಣಕ್ಕೂ ಬಂತು. ಕಣ್ಣು ಹೋದಾಗಲೂ ಅಳದಿದ್ದ ನರಸಯ್ಯ ಹಾಸಿಗೆಗಳ ರಾಶಿಯ ಮೇಲೆ ಕೂತು ಬಹಳ ಹೊತ್ತು ಅತ್ತರು.