ಎಡಕ್ಕೆ ತಿರುಗಿದ ‘ಬಿತ್ತಿಗಿ’

ಮೊರಬದ ಹಳೆಯ ಹತ್ತಿ ಗೋದಾಮಿನಲ್ಲಿ ನಾನು ಎಂಟು ಮಂದಿ ಹೆಣ್ಣುಮಕ್ಕಳಿಗೆ ಕುಣಿತ ಕಲಿಸಿದೆ ಎಂದರೆ ಧಾರವಾಡದ ನನ್ನ ಸಹೋದ್ಯೋಗಿಗಳು ನಂಬಲಿಕ್ಕಿಲ್ಲ. ನಾನು ಸಂಖ್ಯಾಶಾಸ್ತ್ರದ ಮೇಷ್ಟ್ರು. ಸಾಕ್ಷ್ಯವಿಲ್ಲದ್ದನ್ನು ಒಪ್ಪಬೇಡಿ ಎಂದು ಹುಡುಗರಿಗೆ ಹೇಳುತ್ತ ತಲೆ ನರೆತವನು. ಆದರೆ ಮೀಸೆ ಚಿಗುರುವ ವಯಸ್ಸಿನಲ್ಲಿ ನಾಲ್ಕು ವರ್ಷ ಊರಿನ ಮಾಸ್ತರರ ನೃತ್ಯನಾಟಕಗಳಲ್ಲಿ ಕುಣಿದಿದ್ದೆ.

ಮಾಸ್ತರರು ಪ್ರಾಥಮಿಕ ಶಾಲೆಯಲ್ಲಿದ್ದವರು. ಎರೆಹೊಲದ ಕೆಲಸಗಳನ್ನೇ ಹೆಜ್ಜೆಗೆ ತಂದು ಮೂರು ನೃತ್ಯನಾಟಕ ಕಟ್ಟಿದರು, ಒಂದಕ್ಷರ ಬರೆದಿಡಲಿಲ್ಲ. ಅವರು ತೀರಿಕೊಂಡ ಮೇಲೆ ಎರಡು ಅಳಿಸಿಹೋದವು. ಉಳಿದದ್ದು ಬಿತ್ತನೆಯ ಕುಣಿತ ‘ಬಿತ್ತಿಗಿ’ ಒಂದೇ, ಅದನ್ನು ಬಲ್ಲವರಲ್ಲಿ ಉಳಿದವರು ಇಬ್ಬರೇ. ಹಲಗಿ ಬಾರಿಸುವ ಕಾಕಾನಿಗೆ ಬಡಿತ ಗೊತ್ತು. ಹೆಜ್ಜೆ ಗೊತ್ತಿರುವುದು ನನಗೆ.

“ನಿಮ್ಮ ಕಾಲಾಗ ಇದ್ದದ್ದು ನಿಮ್ಮ ಕೂಡ ಹೋಗಬಾರದ್ರಿ,” ಎಂದು ಮಾಸ್ತರರ ಮಗಳು ಫೋನಿನಲ್ಲಿ ಹೇಳಿದರು. ಅವರಿಗೂ ವಯಸ್ಸಾಗಿತ್ತು. ಅಪ್ಪನದು ಒಂದಾದರೂ ಅವನು ಕಟ್ಟಿದ ಹಾಗೆಯೇ ಉಳಿಯಬೇಕು ಎಂಬುದೊಂದೇ ಅವರ ಆಸೆ.

ಮೂರು ವಾರ ಕಲಿಸಿದೆ. ಕಣ್ಣಿನ ಆಪರೇಷನ್ ಮಾಡಿಸಿಕೊಂಡಿದ್ದ ಕಾಕಾ ಕಪ್ಪು ಚಷ್ಮಾ ಹಾಕಿಕೊಂಡು ಬಂದದ್ದು ನಾಲ್ಕನೆಯ ವಾರದ ಒಂದು ಮಧ್ಯಾಹ್ನ. ಹುಡುಗಿಯರು ಕೂರಿಗೆಯ ಹಿಂದೆ ಕಾಳು ಬಿಡುವವರ ಹಾಗೆ ಕೈ ಮಾಡುತ್ತ ಸುತ್ತು ಶುರುಮಾಡಿದರು. ಮೂರನೆಯ ಸುತ್ತಿಗೆ ಹಲಗಿ ನಿಂತಿತು.

“ಯಾರನ್ನ ಸುಡಾಕ ಹೊಂಟೀರಬೇ?” ಎಂದ ಕಾಕಾ.

ಹುಡುಗಿಯರು ನಕ್ಕರು. ಕಾಕಾ ನಗಲಿಲ್ಲ.

“ಬಿತ್ತೂ ಮಂದಿ ಬಲಕ್ಕ ತಿರಗತಾರ. ಎಡಕ್ಕ ಸುತ್ತೂದು ಹೆಣದ ಸುತ್ತ.”

ನನ್ನ ಹತ್ತಿರ ವಿವರಣೆ ಸಿದ್ಧವಿತ್ತು. ಸುಣ್ಣದ ತುಂಡಿನಿಂದ ಗೋಡೆಯ ಮೇಲೆ ಗೆರೆ ಎಳೆದು ತೋರಿಸಿದೆ: ಮಾಸ್ತರರು ನಮಗೆ ಎದುರಾಗಿ ನಿಂತು ಕಲಿಸಿದರು, ಅವರ ಬಲ ನನ್ನ ನೆನಪಿನಲ್ಲಿ ಎಡವಾಗಿ ಕೂತಿದೆ, ಅಷ್ಟೇ. ಕುಣಿಯುವವರಲ್ಲಿ ಹೈಸ್ಕೂಲಿನ ಗಣಿತದ ಟೀಚರೊಬ್ಬಳಿದ್ದಳು. “ಹೌದ್ ಬಿಡ್ರಿ, ಕನ್ನಡಿ ಲೆಕ್ಕ,” ಎಂದಳು.

“ಮಾಸ್ತರ ಯಾವತ್ತ ಮಾರಿ ತೋರಿಸಿ ಕಲಿಸ್ಯಾರ?” ಎಂದು ಕಾಕಾ ಕೇಳಿದ.

ನನ್ನ ಕೈಯಲ್ಲಿದ್ದ ಸುಣ್ಣ ಅಲ್ಲೇ ನಿಂತಿತು. ನಿಜ. ಅವರು ಯಾವಾಗಲೂ ನಮಗೆ ಬೆನ್ನು ಮಾಡಿಯೇ ಕಲಿಸುತ್ತಿದ್ದರು. ‘ಮಾರಿ ನೋಡಿದ್ರ ನಗತೀರಿ, ಬೆನ್ನ ನೋಡ್ರಿ’ ಎನ್ನುತ್ತಿದ್ದರು. ಆ ಬನಿಯನ್ನಿನ ಬೆನ್ನಿನ ತೂತುಗಳನ್ನು ಈಗಲೂ ಎಣಿಸಬಲ್ಲೆ. ಬೆನ್ನು ನೋಡಿ ಕಲಿತವನಿಗೆ ಬಲ ಬಲವೇ, ಎಡ ಎಡವೇ.

ಹಾಗಾದರೆ ಈ ಸುತ್ತು ನೆನೆದಾಗಲೆಲ್ಲ ನನ್ನ ಕಣ್ಣ ಮುಂದೆ ಬರುವ ಆ ಮುಖ? ಬಾಯಿ ತುಸು ತೆರೆದಿದೆ, ಹಣೆಯ ಮೇಲೆ ಬೆವರು, ನನ್ನ ಕಡೆಗೇ ಬರುತ್ತದೆ, ದಾಟುತ್ತದೆ, ಮತ್ತೆ ಬರುತ್ತದೆ. ಗಲ್ಲದ ತುಂಬ ಬಿಳಿ ಗಡ್ಡದ ಕೂಳೆ. ನಾನು ಕುಣಿಯುತ್ತಿದ್ದ ಕಾಲಕ್ಕೆ ಮಾಸ್ತರರ ಕೂದಲು ಅಗದಿ ಕಪ್ಪಗಿತ್ತು. ಗಡ್ಡ ಹೆರೆಯದೆ ಅವರು ಮನೆ ಹೊಸ್ತಿಲು ದಾಟಿದ್ದಿಲ್ಲ.

ಕಾಕಾ ಹಲಗಿಯನ್ನು ತೊಡೆಯಿಂದ ಇಳಿಸಿದ.

“ಅವರು ಹಾಸಿಗಿ ಹಿಡಿದಾಗ ನೀವು ಯುನಿವರ್ಸಿಟಿಯಿಂದ ಬಂದಿದ್ರಿ. ನಿಮ್ಮನ್ನ ಒಳಗ ಕರದು ಬಾಗಲಾ ಹಾಕಿಸಿದ್ರು. ನಾ ಕಟ್ಟಿ ಮ್ಯಾಲ ಕುಂತಿದ್ದೆ. ನೀರ ಕುಡಿಯಾಕ ಏಳದ ಮನಷ್ಯಾ, ಒಳಗ ಇಬ್ಬರ ಹೆಜ್ಜಿ ಸಪ್ಪಳ ಕೇಳತಿತ್ತು. ಬಾಳೊತ್ತು ಕೇಳ್ತು. ನೀವು ಹೊರಗ ಬಂದ ಮ್ಯಾಲ ‘ಏನ್ರೀ?’ ಅಂದೆ. ‘ಮಲಗ್ಯಾರ’ ಅಂದ್ರಿ. ಎಂಟ ದಿನಕ್ಕ ಹೋದ್ರು.”

“ಕಾಕಾ, ನಾ ಬಂದಿದ್ದಿಲ್ಲ.”

“ಬಂದಿದ್ರಿ. ನೀಲಿ ಅಂಗಿ ಹಾಕ್ಕೊಂಡಿದ್ರಿ.”

ಹಾಸ್ಟೆಲಿನಲ್ಲಿ ಒಂದು ಕಾರ್ಡು ಓದಿ ಅವರ ಸಾವು ತಿಳಿದೆ ಎಂಬುದು ನನ್ನ ನೆನಪು. ಕೊನೆಗೊಮ್ಮೆ ನೋಡಲಿಲ್ಲ ಎಂಬ ಕೊರಗನ್ನು ಇಷ್ಟು ವರ್ಷ ಹೊತ್ತಿದ್ದೇನೆ. ನನ್ನ ಬಳಿ ನೀಲಿ ಅಂಗಿ ಇದ್ದದ್ದು ನಿಜ, ಆದರೆ ಆಗ ಯಾರ ಬಳಿ ಇರಲಿಲ್ಲ? ಕಾಕಾನ ನೆನಪೂ ಮುದಿಯಾಗಿದೆ, ಸೋರುತ್ತಿರಬಹುದು ಎಂದು ವಾದಿಸಿಕೊಂಡೆ. ಎಲ್ಲರೂ ಹೋದ ಮೇಲೆ ಗೋದಾಮಿನಲ್ಲಿ ಒಬ್ಬನೇ ನಿಂತು ಬಲಕ್ಕೆ ಸುತ್ತಿ ನೋಡಿದೆ. ಹೆಜ್ಜೆಹೆಜ್ಜೆಗೂ ಎಣಿಸಬೇಕಾಯಿತು. ಎಡಕ್ಕೆ ತಿರುಗಿದೊಡನೆ ಕಾಲುಗಳು ನನ್ನನ್ನು ಕೇಳದೆ ನಡೆದವು. ಕಲಿಯದ್ದು ಕಾಲಿಗೆ ಬರುವುದಿಲ್ಲ. ನನಗೆ ಯಾರೋ ಅದನ್ನು ಎದುರು ನಿಂತು ಕಲಿಸಿದ್ದಾರೆ.

ಮರುದಿನದಿಂದ ಹುಡುಗಿಯರನ್ನು ಬಲಕ್ಕೆ ತಿರುಗಿಸಿದೆ. ಕಲಿಸಿದ್ದನ್ನು ಬಿಡಿಸುವುದಕ್ಕೆ ಒಂಬತ್ತು ದಿನ ಹಿಡಿಯಿತು. ಶಾಲೆಯ ಅಂಗಳದಲ್ಲಿ ಇಳಿಬಿಸಿಲಿನಲ್ಲಿ ಪ್ರಯೋಗವಾಯಿತು. ಒಬ್ಬಳೂ ತಪ್ಪಲಿಲ್ಲ. ಕಾಕಾ ಕೊನೆಯ ತನಕ ಬಾರಿಸಿದ.

ಮಾಸ್ತರರ ಮಗಳು ನನ್ನ ಕೈ ಹಿಡಿದರು. “ಅಗದಿ ಅಪ್ಪನ ಬಿತ್ತಿಗಿನ ನೋಡ್ರಿ. ಅವರದು ನಿಮ್ಮ ಹತ್ತರ ಮತ್ತೇನರ ಉಳದೈತೇನ್ರಿ?”

“ಇಲ್ರಿ,” ಎಂದೆ.

ಬಸ್ ಸ್ಟ್ಯಾಂಡಿಗೆ ಗಣಿತದ ಟೀಚರು ಜೊತೆಗೆ ಬಂದಳು. ನವಲಗುಂದದಿಂದ ಧಾರವಾಡಕ್ಕೆ ಹೋಗುವ ಬಸ್ಸು ತಡವಿತ್ತು.

“ಸರ್, ನಗಬ್ಯಾಡ್ರಿ. ಮುಂಜಾನೆ ಅಂಗಳಾ ಕಸಾ ಹೊಡಿಯೂ ಮುಂದ ಕಾಲು ತಾವ ಎಡಕ್ಕ ತಿರಗತಾವು. ಸುತ್ತ ಮುಗಿಯೂತನಾ ನಿಲ್ಲೂದಿಲ್ಲ. ಉಳದವರಿಗೂ ಹಂಗ ಆಗಾಕ ಹತ್ತೇತಂತ.”

“ರೂಢಿ. ನಾಕ ದಿನಕ್ಕ ಮರೀತೈತಿ.”

ಅವಳು ಚಪ್ಪಲಿಯ ತುದಿಯಿಂದ ಧೂಳು ಕೆದರುತ್ತ ಕೇಳಿದಳು: “ನಿಮಗ ಮರತೈತೇನ್ರಿ?”

ನಾನು ಮರೆತಿರುವುದು ಅದನ್ನು ಕಲಿತ ದಿನವನ್ನು ಮಾತ್ರ. ಅದನ್ನು ಹೇಳುವಷ್ಟರಲ್ಲಿ ಬಸ್ಸು ಬಂತು. ಕಿಟಕಿಯಿಂದ ನೋಡಿದೆ. ಊರ ಕಡೆ ಹೊರಟವಳು ದಾರಿಯ ಮಧ್ಯದಲ್ಲಿ ನಿಂತು ತನ್ನ ಕಾಲನ್ನೇ ನೋಡಿಕೊಳ್ಳುತ್ತಿದ್ದಳು.