ಭಾವನ ಕೋವಿ ಕಿತ್ತುಕೊಂಡವರು ಯಾರು?

ಈ ಮಳೆಗಾಲದ ನೆರೆಯಲ್ಲಿ ಸರ್ಕಾರ ನಮ್ಮ ಭಾವನ ಕೋವಿ ಕಿತ್ತುಕೊಂಡಿತು. ನಾನು ಕಣ್ಣಾರೆ ಕಂಡೆ.

(ಈ ಎರಡು ವಾಕ್ಯಗಳಲ್ಲಿ ನೆರೆ ಬಂದದ್ದು ಮಾತ್ರ ಖಚಿತ. ಉಳಿದದ್ದನ್ನು ಓದಿ ನೀವೇ ತೀರ್ಮಾನಿಸಿ.)

ಭಾವ ಅಂದರೆ ನನ್ನ ಅಕ್ಕನ ಗಂಡ. ಹೊನ್ನಾವರದಿಂದ ಸ್ವಲ್ಪ ಮೇಲೆ, ಶರಾವತಿಯ ದಂಡೆಯಲ್ಲಿ ಮನೆ. ಒಂದಿಷ್ಟು ತೆಂಗು, ಒಂದಿಷ್ಟು ಬಾಳೆ, ಎರಡಕ್ಕೂ ಸಾಕಾಗುವಷ್ಟು ಮಂಗ. ಮಂಗ ಓಡಿಸಲು ಲೈಸೆನ್ಸ್ ಇರುವ ಒಂಟಿ ನಳಿಗೆಯ ಕೋವಿ. ಭಾವ ಅದನ್ನು ಆಕಾಶಕ್ಕೆ ಬಿಟ್ಟು ಬೇರೆಲ್ಲೂ ಹಾರಿಸಿದವನಲ್ಲ. ಆಕಾಶಕ್ಕೂ ಒಮ್ಮೊಮ್ಮೆ ಗುರಿ ತಪ್ಪುತ್ತದೆ ಎಂಬುದು ಅಕ್ಕನ ಅಭಿಪ್ರಾಯ.

ಆ ದಿನ ನಾನು ಕುಮಟಾದಿಂದ ಅಕ್ಕನ ಮನೆಗೆ ಹೋಗಿದ್ದೆ. ಮೇಲೆ ಅಣೆಕಟ್ಟಿನ ಗೇಟ್ ತೆಗೆದಿದ್ದರು. ಮಧ್ಯಾಹ್ನದ ಹೊತ್ತಿಗೆ ನೀರು ಅಂಗಳ ದಾಟಿ ಜಗಲಿಗೆ ಬಂತು. ನೀರಿನ ಹಿಂದೆಯೇ ಪೊಲೀಸರ ಬೋಟ್ ಬಂತು, ನಮ್ಮನ್ನು ಶಾಲೆಯ ಕಾಳಜಿ ಕೇಂದ್ರಕ್ಕೆ ಸಾಗಿಸಲು. ಭಾವ ಜಗಲಿಯ ತುದಿಯಲ್ಲಿ ನಿಂತಿದ್ದ. ಕೈಯಲ್ಲಿ ಪ್ಲಾಸ್ಟಿಕ್ ಸುತ್ತಿದ ಕೋವಿ. ಬೋಟಿನಲ್ಲಿದ್ದ ಪೊಲೀಸ್ ಕೈ ಚಾಚಿದ. ಕೋವಿ ಹಿಡಿದ. ಎಳೆದ. ಮನೆಯವರಿಗಿಂತ ಮೊದಲು ಬೋಟ್ ಹತ್ತಿದ್ದು ಕೋವಿ.

ನನ್ನೊಳಗಿನ ರಾಜ್ಯಶಾಸ್ತ್ರದ ಎಂ.ಎ. ಎದ್ದು ನಿಂತಿತು.

“ಆರ್ಡರ್ ಎಲ್ಲಿದೆ? ಯಾವ ಕಾಯ್ದೆ ಪ್ರಕಾರ ತಗೊಂಡ್ರಿ?”

“ಸರ್, ಮೊದಲು ಹತ್ತಿ.”

“ಮೊದಲು ಉತ್ತರ ಕೊಡಿ.”

“ಕೊಡ್ತೆ ಸರ್. ನೀರು ನಿಮ್ಮ ಮೊಣಕಾಲಿಗೆ ಬಂತು. ಹತ್ತಿ.”

ಹತ್ತಿದೆ. ಹಕ್ಕಿನ ಮಾತಾಡುವವನಿಗೆ ಈಜು ಬರಬಾರದೇ?

ಕಾಳಜಿ ಕೇಂದ್ರದಲ್ಲಿ ಅನ್ನ ಸಾರು ಉಂಡೆ. (ಸರ್ಕಾರದ್ದೇ ಅನ್ನ. ಎರಡು ಸಲ ಹಾಕಿಸಿಕೊಂಡೆ.) ಕೈ ತೊಳೆದು ಸರ್ಕಾರದ ವಿರುದ್ಧ ಫೇಸ್‌ಬುಕ್ಕಿನಲ್ಲಿ ಬರೆದೆ. “ಪ್ರಜೆ ಮುಳುಗುತ್ತಿರುವಾಗ ಪ್ರಭುತ್ವ ಅವನ ಕೋವಿ ಕಸಿಯುತ್ತದೆ” ಎಂದು ಶುರು. ಬೇರೆ ದೇಶದಲ್ಲೂ ಚಂಡಮಾರುತ ಬಂದಾಗ ಹೀಗೇ ಮಾಡಿದ್ದರು ಎಂದು ಎಲ್ಲೋ ಓದಿದ್ದನ್ನೂ ಸೇರಿಸಿದೆ. ಲೈಕುಗಳೂ ನೆರೆಯಂತೆ ಏರಿದವು. ಸಂಜೆ ಭಟ್ಕಳದಿಂದ ಗೆಳೆಯನ ಫೋನು. “ಎಂತದೋ, ಹೊನ್ನಾವರದಲ್ಲಿ ಇಪ್ಪತ್ತು ಕೋವಿ ಎತ್ಕಂಡು ಹೋದ್ರಂತಲ್ಲ?”

ಒಂದೇ ಕೋವಿ ಎಂದು ಹೇಳಬಹುದಿತ್ತು. “ಪರಿಶೀಲಿಸ್ತಾ ಇದ್ದೇನೆ” ಎಂದೆ.

ನೀರು ಇಳಿಯಿತು. ಅಕ್ಕ, ಭಾವ ಮನೆಯ ಕೆಸರು ತೊಳೆದರು. ಬಾಳೆ ಬಹುಪಾಲು ಮಲಗಿತ್ತು. ನಿಂತಿದ್ದ ಕೆಲವು ಗೊನೆಗಳಷ್ಟೇ ಈ ವರ್ಷ ಕೈಗೆ ಸಿಗುವ ಬೆಳೆ. ಈ ಲೆಕ್ಕ ಮಂಗಗಳಿಗೂ ಗೊತ್ತಿತ್ತು. ಭಾವ ಕೋವಿ ತರಲು ಠಾಣೆಗೆ ಹೋದ. ಬರಿಗೈಯಲ್ಲಿ ಬಂದ.

ಯಾಕೆ? ಯಾರೋ ಪುಣ್ಯಾತ್ಮ ಬರೆದದ್ದು ಮೇಲಿನವರ ಕಣ್ಣಿಗೆ ಬಿದ್ದು, ಅವರು ವಿವರಣೆ ಕೇಳಿದ್ದರಂತೆ. ಹಾಗಾಗಿ ಅದು ಈಗ ಬರೀ ಕೋವಿಯಲ್ಲ, ‘ವಿಷಯ’. ವಿಷಯ ಇತ್ಯರ್ಥವಾಗುವವರೆಗೆ ಕೊಡುವಂತಿಲ್ಲ.

ಅಕ್ಕ ಫೋನ್ ಮಾಡಿದಳು. “ತಮ್ಮಾ, ಬರ್ಯುದು ಆತಾ? ಆತು ಅಂದ್ರೆ ಬಾ. ಮಂಗ ಓಡ್ಸು.”

ಹೋದೆ. ತಗಡಿನ ಡಬ್ಬಿ ಬಡಿದೆ. ಮಂಗಗಳು ಮೊದಲು ಓಡಿದವು. ಆಮೇಲೆ ದೂರ ಕುಳಿತು ನನ್ನನ್ನೇ ನೋಡಿದವು. ಆಮೇಲೆ ನೋಡುವುದನ್ನೂ ಬಿಟ್ಟು ಹಣ್ಣು ಸುಲಿದವು. (ನಾನು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ವಿದ್ಯಾರ್ಥಿಗಳು ಸಾಗಿದ್ದೂ ಇದೇ ಕ್ರಮದಲ್ಲಿ.) ಒಂದು ಗೊನೆ ನನ್ನ ಕಣ್ಣೆದುರೇ ಖಾಲಿಯಾಯಿತು. ಅಕ್ಕ ಬಂದು ಸಿಪ್ಪೆ ಆರಿಸಿದಳು. ಬೈದಿದ್ದರೆ ಒಳ್ಳೆಯದಿತ್ತು.

ಮರುದಿನ ಭಾವ ನನ್ನನ್ನು ಬೈಕಿನಲ್ಲಿ ಕೂರಿಸಿಕೊಂಡು ಠಾಣೆಗೆ ಕರೆದೊಯ್ದ. ಸಾಹೇಬರು ಚಹಾ ತರಿಸಿದರು. ನನಗೆ ಹೆದರಿಕೆಯಾದದ್ದೇ ಆಗ.

“ನೋಡಿ ಸರ್, ಸುಲಭ” ಎಂದರು. “ನಾವು ಕಸಿದದ್ದು ಅಂತಾದ್ರೆ ಎನ್‌ಕ್ವೈರಿ ಆಗ್ಬೇಕು. ಅಲ್ಲಿವರೆಗೆ ಕೋವಿ ಇಲ್ಲೇ. ಇವರೇ ಜೋಪಾನಕ್ಕೆ ಕೊಟ್ಟದ್ದು ಅಂತಾದ್ರೆ ಈಗ್ಲೇ ತಗೊಂಡು ಹೋಗ್ಲಿ. ಕಂಡವರು ನೀವು. ಯಾವುದು ಅಂತ ಬರೆದು ಸಹಿ ಹಾಕಿ.”

ನಾನು ಭಾವನ ಮುಖ ನೋಡಿದೆ.

“ನಾನೇ ಕೊಟ್ಟದ್ದು ಮಾರಾಯ” ಎಂದ ಭಾವ. “ಪೊಲೀಸ್ರು ಮನೆ ಬಾಗ್ಲಿಗೆ ಬಂದ್ರು ಅಂದ್ರೆ ಎಲೆಕ್ಷನ್ ಬಂತು, ಕೋವಿ ಕೊಡುದು. ನಂಗೆ ಅದೇ ಅಭ್ಯಾಸ. ಅವ್ರು ಕೈ ಚಾಚಿದ್ದು ನನ್ನ ಹತ್ತಿಸ್ಕಳುಕೆ. ನಾ ಕೋವಿ ಕೊಟ್ಟೆ.”

ಠಾಣೆಯೇ ನಕ್ಕಿತು. ನಂಬುವಂಥ ಮಾತೇ. ಯಾವ ಚುನಾವಣೆ ಬಂದರೂ ನಮ್ಮ ಕಡೆ ಲೈಸೆನ್ಸ್ ಕೋವಿಗಳು ಠಾಣೆ ಸೇರಬೇಕು. ಪಂಚಾಯ್ತಿಯಿಂದ ಲೋಕಸಭೆಯವರೆಗೆ ಪ್ರಜಾಪ್ರಭುತ್ವ ಪದೇ ಪದೇ ಬರುವುದರಿಂದ ಭಾವನ ಕೋವಿಗೆ ಠಾಣೆಯೇ ತವರುಮನೆ.

ಆದರೆ ನನ್ನ ಕಣ್ಣ ಮುಂದೆ ಆ ಪೊಲೀಸ್ ಇನ್ನೂ ಎಳೆಯುತ್ತಲೇ ಇದ್ದ. ನಿಜವಾಗಿ ಎಳೆದನೇ? ಅಥವಾ ‘ಎಳೆದ’ ಎಂದು ನಾನು ಬರೆದು, ಅದನ್ನು ಜನ ಶೇರ್ ಮಾಡಿ, ಅದನ್ನೇ ನಾನು ಮತ್ತೆ ಮತ್ತೆ ಓದಿ ಖುಷಿಪಟ್ಟು, ಈಗ ಹಾಗೇ ಕಾಣುತ್ತಿದೆಯೇ? ಆ ಹೊತ್ತಿಗೆ ನನ್ನ ಕನ್ನಡಕ ಮಳೆಗೆ ತೋಯ್ದಿತ್ತು. ಕನ್ನಡಕ ಹಾಕಿಕೊಂಡಿದ್ದೆನೇ ಎಂಬುದೂ ಈಗ ಅನುಮಾನ. ಇಷ್ಟು ವರ್ಷ ದೇವರನ್ನು ಅನುಮಾನಿಸಿದೆ, ಸರ್ಕಾರವನ್ನು ಅನುಮಾನಿಸಿದೆ, ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನೂ ಬಿಡಲಿಲ್ಲ. ನನ್ನ ಕಣ್ಣನ್ನು ಅನುಮಾನಿಸಬೇಕೆಂದು ಮಾತ್ರ ಹೊಳೆದಿರಲಿಲ್ಲ.

ಇನ್ನೂ ಒಂದು ಅನುಮಾನ. ಭಾವ ಖರೆ ಹೇಳುತ್ತಿದ್ದಾನೋ, ಉಳಿದ ಗೊನೆಗಳನ್ನು ಕಾಪಾಡಿಕೊಳ್ಳುತ್ತಿದ್ದಾನೋ?

ಭಾವ ಗೋಡೆಯ ಗಡಿಯಾರ ನೋಡಿದ. ಅದು ಮಂಗಗಳು ತೋಟಕ್ಕೆ ಇಳಿಯುವ ಹೊತ್ತು.

ಬರೆದೆ. “ಸದರಿ ಕೋವಿಯನ್ನು ಮಾಲೀಕರು ಸ್ವಇಚ್ಛೆಯಿಂದ ಒಪ್ಪಿಸಿದ್ದನ್ನು ಕಣ್ಣಾರೆ ಕಂಡಿರುತ್ತೇನೆ.” ಅದೇ ಕಣ್ಣು, ಅದೇ ಕೈ. ಫೇಸ್‌ಬುಕ್ಕಿನಲ್ಲಿ ಬರೆದದ್ದನ್ನು ಅಲ್ಲೇ ಕೂತು ಅಳಿಸಿದೆ. ಸಾಹೇಬರು ಇನ್ನೊಂದು ಚಹಾ ಹೇಳಿದರು.

ವಾಪಸು ಬರುವಾಗ ಕೋವಿ ಭಾವನ ಹೆಗಲಲ್ಲಿತ್ತು, ಅದರ ನಳಿಗೆ ನನ್ನ ಮೂಗಿನ ಪಕ್ಕ. ಸ್ವಲ್ಪ ದೂರ ಬಂದೆವು. ಆಮೇಲೆ ತಡೆಯಲಾಗಲಿಲ್ಲ.

“ಭಾವಾ, ಈಗ ಯಾರೂ ಇಲ್ಲ. ಖರೆ ಹೇಳು. ನೀನೇ ಕೊಟ್ಟದ್ದಾ?”

ಭಾವ ಬೈಕ್ ನಿಧಾನ ಮಾಡಲಿಲ್ಲ, ತಿರುಗಿ ನೋಡಲೂ ಇಲ್ಲ.

“ಕಣ್ಣಾರೆ ಕಂಡವ ನೀನು ಅಲ್ದಾ ಮಾರಾಯ? ನನ್ನ ಎಂತಕೆ ಕೇಳ್ತೆ?”