ಗಾಲಿಗಿಟ್ಟ ಕಲ್ಲುಗಳು

ಬಸವಕಲ್ಯಾಣದಿಂದ ಹುಮನಾಬಾದಿಗೆ ತೊಗರಿ ಚೀಲ ಸಾಗಿಸುತ್ತಿದ್ದ ನನ್ನ ಹಳೆಯ ಪಿಕಪ್ ವಿಪರೀತ ಪೆಟ್ರೋಲ್ ಕುಡಿಯುತ್ತಿತ್ತು. ಕಾರ್ಬೊರೇಟರ್ ತೊಳೆಸಿದೆ, ಪ್ಲಗ್ ಬದಲಿಸಿದೆ. ಏನೂ ಫರಕು ಬೀಳಲಿಲ್ಲ.

ಒಮ್ಮೆ ಚೀಲ ಇಳಿಸಿ ಮರಳುವಾಗ ದುಬಲಗುಂಡಿಯ ಅಜ್ಜಿಯೊಬ್ಬಳು ಕೈ ಮಾಡಿ ಹಿಂದೆ ಹತ್ತಿದಳು.

"ಕಾಲಿಡಾಕ ಜಾಗಾನೇ ಇಲ್ಲಲ್ಲೋ ಯಪ್ಪಾ! ಇಷ್ಟು ಕಲ್ಲು ಯಾಕ ಹೊತ್ಗೊಂಡು ತಿರಗಾಕತ್ತಿ?"

ಹ್ಯಾಂಡ್‌ಬ್ರೇಕ್ ಹಿಡಿಯುತ್ತಿರಲಿಲ್ಲ. ಹಾಗಾಗಿ ನಿಂತಲ್ಲೆಲ್ಲ ಒಂದು ಕಲ್ಲು ಹುಡುಕಿ ಗಾಲಿಗೆ ಇಡುತ್ತಿದ್ದೆ, ಹೊರಡುವಾಗ ಅದನ್ನೆತ್ತಿ ಪಿಕಪ್ಪಿನ ಹಿಂಭಾಗಕ್ಕೆ ಎಸೆಯುತ್ತಿದ್ದೆ.

"ದಾರ್ಯಾಗ ಕಲ್ಲು ಬಿಟ್ರ ಹಿಂದ ಬರೋ ಬಂಡಿ ಮುಗ್ಗರಿಸ್ತದ, ಪಾಪ ನಮಗ ಸುತ್ಕೋತದ ಅಂತ ನಮ್ಮಪ್ಪ ಹೇಳ್ಯಾನ, ಆಯಿ."

"ದಾರಿ ಬಾಜೂಕ ಒಗಿಬ್ಯಾಡ ಅಂತನೂ ಹೇಳ್ಯಾನೇನು?"

ಕಲ್ಲೆಲ್ಲ ಇಳಿಸಿದ ಮೇಲೆ ಪೆಟ್ರೋಲ್ ಉಳಿಯತೊಡಗಿತು. ಅಪ್ಪನ ಮಾತು ಮೀರದವನೆಂಬ ಹೆಮ್ಮೆಗೂ ಅಷ್ಟು ಪೆಟ್ರೋಲ್ ಬೇಕಾಗುತ್ತದೆಂದು ಆಗ ತಿಳಿಯಿತು.